ಕನ್ನಡಿಯ ಮೇಲಿನ ಕೆಂಪು ಬಟ್ಟೆ

ನನ್ನ ಗಂಡನೂ ನನ್ನ ತಮ್ಮನೂ ಮಾತು ಬಿಟ್ಟು ಅಂದಿಗೆ ಒಂಬತ್ತು ದಿನ. ಬರೀ ಮನೆಯ ವಿಷಯವಾಗಿದ್ದರೆ ನಾನು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಇಬ್ಬರ ಗಂಟಲಿಗೂ ಸ್ವಲ್ಪ ವಿಶ್ರಾಂತಿ ಸಿಕ್ಕಿತು ಅಂದುಕೊಂಡು ಸುಮ್ಮನಿರುತ್ತಿದ್ದೆ. ಆದರೆ ಇಬ್ಬರೂ ಸೇರಿ ನಡೆಸುವುದು ಕಾರು ಸರ್ವೀಸ್ ಮಾಡುವ ಗ್ಯಾರೇಜು. ಒಬ್ಬ ಬಿಚ್ಚಿದ್ದನ್ನು ಇನ್ನೊಬ್ಬ ಕೂರಿಸಬೇಕು, ಒಬ್ಬ ಸುರಿದ ಎಣ್ಣೆಯನ್ನು ಇನ್ನೊಬ್ಬ ಅಳೆದು ನೋಡಬೇಕು. ಅವರ ಪಕ್ಕದಲ್ಲೇ, ಗಾಜಿನ ಕಿಟಕಿಯ ಹಿಂದೆ ಮೇಜು ಹಾಕಿಕೊಂಡು, ಯಾವ ಗಾಡಿಗೆ ಏನೇನು ಕೆಲಸ ಆಯಿತು ಎಂದು ಕಾರ್ಡಿನಲ್ಲಿ ಟಿಕ್ ಹಾಕುವವಳು ನಾನು.

ಜಗಳ ಶುರುವಾದದ್ದು ಒಂದು ಮುಚ್ಚಳದಿಂದ. ಎಂಜಿನ್ನಿಗೆ ಹೊಸ ಎಣ್ಣೆ ಸುರಿದ ಮೇಲೆ ತಮ್ಮ ಅದರ ಮುಚ್ಚಳವನ್ನು ಬ್ಯಾಟರಿಯ ಮೇಲಿಟ್ಟು ಮರೆತ. ಗಾಡಿ ಎರಡು ಬೀದಿ ದಾಟುವಷ್ಟರಲ್ಲಿ ಬಾನೆಟ್ಟಿನ ಸಂದಿಯಿಂದ ಹೊಗೆ ಬಂತು. ಗಿರಾಕಿ ವಾಪಸ್ ಬಂದು ಎಗರಾಡಿದ, ಅದು ನ್ಯಾಯವೇ. ನಮ್ಮವರು ಆ ಗಿರಾಕಿಯ ಎದುರಿಗೇ, "ಇವನ ಕೈಗೆ ಕೊಟ್ಟ ಕೆಲಸಾನ ಇನ್ನೊಂದು ಸಲ ನಾನೇ ನೋಡ್ಬೇಕು, ಯಾವಾಗ್ಲೂ ಇದೇ ಕಥೆ" ಅಂದುಬಿಟ್ಟರು. ಹದಿನಾರು ವರ್ಷದಲ್ಲಿ ತಮ್ಮ ಮರೆತದ್ದು ಅದೊಂದೇ ಮುಚ್ಚಳ. ಅವನು ಕೈ ಒರೆಸಿಕೊಂಡು ಒಳಗೆ ಹೋದವನು ಬಾಯಿಗೆ ಬೀಗ ಹಾಕಿಕೊಂಡ. ನಮ್ಮವರಿಗೋ ಮೂಗಿನ ತುದಿಯಲ್ಲೇ ಕೋಪ. "ನಾನೇನು ಸುಳ್ಳು ಹೇಳಿದ್ನಾ?" ಎಂದು ಅವರೂ ಮುಖ ಊದಿಸಿಕೊಂಡರು.

ಮಾತು ನಿಂತದ್ದರಿಂದ ನಿಜವಾಗಿ ತೊಂದರೆಯಾದದ್ದು ಚಕ್ರದ ಕೆಲಸಕ್ಕೆ. ಸರ್ವೀಸಿಗೆ ಬಂದ ಗಾಡಿಯನ್ನು ಲಿಫ್ಟಿಗೆ ಏರಿಸಿ, ಮುಂದಿನ ಚಕ್ರ ಹಿಂದಕ್ಕೆ, ಹಿಂದಿನದು ಮುಂದಕ್ಕೆ ಬದಲಾಯಿಸುವವರು ನಮ್ಮವರು. ಗಾಡಿ ಮೇಲಿರುವಾಗ ನಟ್ಟುಗಳನ್ನು ಸುಮಾರಾಗಿ ಮಾತ್ರ ತಿರುಗಿಸಿರುತ್ತಾರೆ. ಕೆಳಗಿಳಿದು ಚಕ್ರ ನೆಲಕ್ಕೆ ಕೂತ ಮೇಲೆ ಪೂರ್ತಿ ಬಿಗಿ ಮಾಡುವುದು ತಮ್ಮ. ಅವನ ಹತ್ತಿರ ಒಂದು ಉದ್ದನೆಯ ರೆಂಚು ಇದೆ, ಸಾಕಷ್ಟು ಬಿಗಿಯಾಯಿತು ಅಂದಾಗ ಅದು 'ಟಕ್' ಎನ್ನುತ್ತದೆ. ಮೊದಲೆಲ್ಲ ನಮ್ಮವರು "ಇಳೀತು" ಎಂದು ಕೂಗುತ್ತಿದ್ದರು. ತಮ್ಮ ಬಂದು ಕೆಲಸ ಮುಗಿಸಿ "ಬಿಗಿ" ಎಂದು ಕೂಗುತ್ತಿದ್ದ. ಆ ಕೂಗು ಕಿವಿಗೆ ಬಿದ್ದರೆ ನಾನು ಕಾರ್ಡಿನಲ್ಲಿ ಟಿಕ್ ಹಾಕುತ್ತಿದ್ದೆ. ತಲೆ ಎತ್ತುವ ಅಗತ್ಯವೂ ಇರಲಿಲ್ಲ.

ಮಾತು ಬಿಟ್ಟವರು ಕೂಗುವುದು ಹೇಗೆ? ಎರಡನೇ ದಿನವೇ ನಮ್ಮವರು ಉಪಾಯ ಹುಡುಕಿದರು. ಗಾಡಿ ಇಳಿಸಿದ ಮೇಲೆ ಪಕ್ಕದ ಕನ್ನಡಿಗೆ ಒಂದು ಕೆಂಪು ಬಟ್ಟೆ ಸಿಕ್ಕಿಸುವುದು, ತಮ್ಮ ಬಂದು ಬಿಗಿ ಮಾಡಿ ಅದನ್ನು ತೆಗೆಯುವುದು. ಕನ್ನಡಿ ಖಾಲಿಯಾದರೆ ಕೆಲಸ ಆಯಿತು ಅಂತ ಅರ್ಥ. ಇದನ್ನೂ ಅವರು ಒಬ್ಬರಿಗೊಬ್ಬರು ಹೇಳಲಿಲ್ಲ. ಇವರು ಹೇಳಿದ್ದನ್ನು ಅವನಿಗೆ, ಅವನು ಒಪ್ಪಿದ್ದನ್ನು ಇವರಿಗೆ ನಾನೇ ಮುಟ್ಟಿಸಿದೆ. ಇಬ್ಬರು ದೊಡ್ಡ ಗಂಡಸರು ಒಂದು ತುಂಡು ಬಟ್ಟೆಯಲ್ಲಿ ಮಾತಾಡಿಕೊಳ್ಳುವುದನ್ನು ನೋಡಿ ನನಗೆ ನಗು ಬರುತ್ತಿತ್ತು. ಆ ನಗು ಈಗ ನೆನೆದರೆ ನಾಚಿಕೆಯಾಗುತ್ತದೆ.

ಅವತ್ತು ಮಧ್ಯಾಹ್ನ ನಮ್ಮ ಹಳೆಯ ಗಿರಾಕಿ, ಶಾಲೆಯಲ್ಲಿ ಈಜು ಕಲಿಸುವ ಟೀಚರ್ ಬಂದು ಅವಸರ ಮಾಡಿದರು. ಅವರ ಬೂದು ಬಣ್ಣದ ಕಾರನ್ನು ಬೆಳಿಗ್ಗೆ ಸರ್ವೀಸಿಗೆ ಬಿಟ್ಟಿದ್ದರು. ಮೂರು ಗಂಟೆಗೆ ಶಾಲೆಯಿಂದ ಮೂರು ಮಕ್ಕಳನ್ನು ಹತ್ತಿಸಿಕೊಂಡು, ಹೈವೇಯಲ್ಲಿ ಒಂದು ಗಂಟೆ ದೂರದ ಊರಿಗೆ ಸ್ಪರ್ಧೆಗೆ ಕರೆದುಕೊಂಡು ಹೋಗಬೇಕಿತ್ತು. "ಅಕ್ಕ, ಎರಡೂವರೆಗೆ ಹೊರಡ್ಲೇಬೇಕು" ಎಂದು ಮೇಜಿನ ಮುಂದೆ ನಿಂತುಕೊಂಡು ಕಾಲು ಕುಟ್ಟುತ್ತಿದ್ದರು. ಗಾಡಿ ಆಗಲೇ ಇಳಿದಿತ್ತು. ಕನ್ನಡಿಯ ಮೇಲೆ ಬಟ್ಟೆಯೂ ಇತ್ತು. ನಮ್ಮವರು ಇನ್ನೊಂದು ಗಾಡಿಯ ಕೆಳಗೆ ಮಲಗಿದ್ದರು. ತಮ್ಮ ಹಿಂದಿನ ಕೋಣೆಯಲ್ಲಿ ಫಿಲ್ಟರಿನ ಪೆಟ್ಟಿಗೆಗಳನ್ನು ಇಳಿಸಿಕೊಳ್ಳುತ್ತಿದ್ದ.

ನಾನು ಹೊರಗೆ ಹೋಗಿ ನೋಡಿದರೆ ಮುಂದಿನ ಗಾಜಿನ ಮೇಲೆ, ಸರಿಯಾಗಿ ಡ್ರೈವರ್ ಕಣ್ಣಿನ ನೇರಕ್ಕೆ, ಹಕ್ಕಿಯ ಹಿಕ್ಕೆ. ಎಣ್ಣೆ, ಫಿಲ್ಟರು, ಬ್ರೇಕು ಎಲ್ಲ ನೋಡಿ ಗಾಜು ಕೊಳಕಾಗಿದ್ದರೆ ಗಿರಾಕಿಗೆ ಕಾಣುವುದು ಗಾಜು ಮಾತ್ರ. ಕೈಗೆ ಎಟುಕಿದ ಬಟ್ಟೆ ತೆಗೆದು ಒರೆಸಿದೆ, ಗಲೀಜಾಯಿತು ಎಂದು ಅದನ್ನು ಮೇಜಿನ ಕೆಳಗಿನ ಕಸದ ಬುಟ್ಟಿಗೆ ಹಾಕಿದೆ. ಆಮೇಲೆ ಕುರ್ಚಿಯಲ್ಲಿ ಕೂತು ಕಾರ್ಡ್ ಎತ್ತಿಕೊಂಡು, ಕಿಟಕಿಯಿಂದ ಕನ್ನಡಿ ನೋಡಿದೆ. ಖಾಲಿ ಇತ್ತು. ಟಿಕ್ ಹಾಕಿದೆ.

ಹೌದು, ನಾನೇ ತೆಗೆದೆ, ನಾನೇ ನೋಡಿದೆ, ನಾನೇ ಟಿಕ್ ಹಾಕಿದೆ. ಮಧ್ಯೆ ಎರಡು ನಿಮಿಷವೂ ಕಳೆದಿರಲಿಲ್ಲ.

ಟೀಚರ್ ಕೀ ತೆಗೆದುಕೊಂಡು ಹೊರಟ ಮೇಲೆ, ಮೂರು ಗಂಟೆ ದಾಟಿ ಹತ್ತು ನಿಮಿಷಕ್ಕೆ ಪೆನ್ಸಿಲ್ ಚೂಪು ಮಾಡಲು ಬುಟ್ಟಿ ಎಳೆದುಕೊಂಡೆ. ಮೇಲೆಯೇ ಕೆಂಪು ಬಟ್ಟೆ ಬಿದ್ದಿತ್ತು. ಒಂದು ಕ್ಷಣ ಇದು ಇಲ್ಲಿಗೆ ಹೇಗೆ ಬಂತು ಎಂದುಕೊಂಡೆ. ಮರುಕ್ಷಣ, ಗಾಜು ಒರೆಸಿದ್ದು ಇದರಲ್ಲೇ ಎಂದು ನೆನಪಾಯಿತು.

ಹೊರಗೆ ಓಡಿದೆ. ತಮ್ಮ ಎದುರಿಗೆ ಸಿಕ್ಕ.

"ಟೀಚರ್ ಗಾಡಿ ಬಿಗಿ ಮಾಡಿದ್ಯಾ?"

"ಇಲ್ಲ. ನಾನು ಬರೋ ಹೊತ್ತಿಗೆ ಬಟ್ಟೆ ಇರ್ಲಿಲ್ಲ. ನನ್ನ ಕೈ ಮೇಲೆ ನಂಬಿಕೆ ಇಲ್ಲ ಅಂತ ಭಾವ ತಾವೇ ಮಾಡ್ಕೊಂಡಿರ್ತಾರೆ ಅಂದ್ಕೊಂಡೆ."

ಗಾಡಿಯ ಕೆಳಗಿನಿಂದ ನಮ್ಮವರ ತಲೆ ಹೊರಗೆ ಬಂತು. "ನಾನ್ಯಾಕೆ ಮಾಡ್ಲಿ? ಬಟ್ಟೆ ಸಿಕ್ಸಿದ್ದೆ. ಆಮೇಲೆ ನೋಡಿದ್ರೆ ಇರ್ಲಿಲ್ಲ, ಅವನು ಮಾಡಿದಾನೆ ಅಂದ್ಕೊಂಡೆ. ಹಾಗಂತ ಅವನಿಗೆ ಹೇಳು."

"ನಾನು ತೆಗ್ದೇ ಇಲ್ಲ ಅಂತ ಅವರಿಗೆ ಹೇಳು ಅಕ್ಕ."

ಇಬ್ಬರೂ ನನ್ನ ಮುಖ ನೋಡುತ್ತಿದ್ದರು. ಬಟ್ಟೆ ತೆಗೆದವಳು ನಾನು ಎಂದು ಹೇಳಲಿಲ್ಲ. ಈಗ ಅದನ್ನು ಹೇಳಿಕೊಂಡು ಕೂತರೆ ಹೊತ್ತು ಹಾಳು ಎಂದು ನನಗೆ ನಾನೇ ಸಮಜಾಯಿಷಿ ಕೊಟ್ಟುಕೊಂಡೆ. ಅದು ಸಮಜಾಯಿಷಿ ಎಂದು ನನಗೆ ಆಗಲೂ ಗೊತ್ತಿತ್ತು. "ನಾಲ್ಕು ಚಕ್ರವೂ ಹಾಗೇ ಹೋಗಿದೆ. ಮೂರು ಮಕ್ಕಳಿದ್ದಾರೆ ಅದರಲ್ಲಿ" ಎಂದಷ್ಟೇ ಹೇಳಿದೆ.

ಟೀಚರಿಗೆ ಫೋನ್ ಮಾಡಿದೆ. ರಿಂಗಾಗಿ ರಿಂಗಾಗಿ ನಿಂತಿತು. ಮತ್ತೆ ಮಾಡಿದೆ. ಅವರು ಎತ್ತುವುದಿಲ್ಲ ಎಂದು ನನ್ನಷ್ಟು ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಎರಡು ವರ್ಷದ ಹಿಂದೆ ಫೋನಿನಲ್ಲಿ ಮಾತಾಡುತ್ತಾ ಬಂಪರ್ ಜಜ್ಜಿಸಿಕೊಂಡು ಬಂದಿದ್ದರು. ಮಕ್ಕಳನ್ನು ಕೂರಿಸಿಕೊಂಡು ಓಡಿಸುವವರು ಫೋನನ್ನು ಡ್ಯಾಶ್‌ಬೋರ್ಡಿನ ಡಬ್ಬಿಯೊಳಗೆ ಹಾಕಿ ಮುಚ್ಚಬೇಕು ಎಂದು ಅರ್ಧ ಗಂಟೆ ಉಪದೇಶ ಮಾಡಿದವಳು ನಾನೇ. ಅವರು ಅದನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದರು.

ಶಾಲೆಗೆ ಫೋನ್ ಮಾಡಿದರೆ ಆಫೀಸಿನ ಗುಮಾಸ್ತೆ, "ಈಗಷ್ಟೇ ಹೊರಟ್ರಲ್ಲ, ಐದು ನಿಮಿಷ ಆಯ್ತು" ಅಂದಳು.

ಗ್ಯಾರೇಜಿನಲ್ಲಿ ಸಾಮಾನು ತರಲು ಒಂದು ಹಳೆಯ ವ್ಯಾನಿದೆ. ನಾವು ಅದನ್ನು ಮುದುಕಿ ಅನ್ನುತ್ತೇವೆ. ಮುಂದೆ ಒಂದೇ ಉದ್ದ ಸೀಟು. ಮೂವರೂ ಹೋಗುವಾಗ ಮಧ್ಯೆ ಕೂರುವುದು ನಾನು. ಅವತ್ತು ತಮ್ಮ ರೆಂಚು, ಜಾಕು, ಒಂದು ಹಿಡಿ ನಟ್ಟು ಎತ್ತಿಕೊಂಡು ಮೊದಲು ಹತ್ತಿಬಿಟ್ಟ. ಹೀಗಾಗಿ ಒಂಬತ್ತು ದಿನ ಎಣ್ಣೆ ಸೀಗೆಕಾಯಿಯಂತಿದ್ದವರು ಭುಜಕ್ಕೆ ಭುಜ ತಾಗಿಸಿಕೊಂಡು ಕೂತರು. ಬೇರೆ ದಿನವಾಗಿದ್ದರೆ ನಾನು ಇದನ್ನೇ ಹೇಳಿಕೊಂಡು ಒಂದು ವಾರ ನಗುತ್ತಿದ್ದೆ.

ಹೈವೇ ಪೊಲೀಸರಿಗೆ ಫೋನ್ ಮಾಡಿ ಗಾಡಿಯ ನಂಬರ್ ಕೊಟ್ಟೆ. ಆ ಕಡೆಯವನು ಬರೆದುಕೊಂಡು, "ಗಸ್ತಿನವರಿಗೆ ಹೇಳ್ತೀವಮ್ಮ, ಯಾವ ಗ್ಯಾರೇಜು?" ಎಂದ. ಹೇಳಿದೆ. ಅಷ್ಟು ವರ್ಷ ಹೆಮ್ಮೆಯಿಂದ ಹೇಳಿಕೊಂಡ ಹೆಸರು ನಾಲಿಗೆಯ ಮೇಲೆ ಬಿಸಿ ಅನ್ನದಂತೆ ಸುಟ್ಟಿತು. ಮತ್ತೆ ಟೀಚರಿಗೆ ಮಾಡಿದೆ. ಮತ್ತೆ ರಿಂಗು.

"ಎಷ್ಟು ದೂರ ತಡೆಯುತ್ತೆ?" ಎಂದು ಕೇಳಿದೆ. ಯಾರನ್ನು ಕೇಳಿದೆ ಎಂದು ನನಗೂ ಗೊತ್ತಿಲ್ಲ.

ತಮ್ಮ, "ಊರೊಳಗೆ ಮೆಲ್ಲಗೆ ಹೋದ್ರೆ ಏನಾಗಲ್ಲ. ಹೈವೇಲಿ ಸ್ಪೀಡ್ ಹೆಚ್ಚಾದ ಹಾಗೆ ನಟ್ಟು ತಾನಾಗೇ ತಿರುಗ್ತಾ ಬರುತ್ತೆ" ಎಂದ. ಹೇಳಿದ್ದು ನನಗೆ. ಆದರೆ ನಮ್ಮವರು ಆಕ್ಸಿಲರೇಟರನ್ನು ಇನ್ನಷ್ಟು ತುಳಿದರು. ಮುದುಕಿ ನರಳಿತು.

ನಾನು ಕಿಟಕಿಯಾಚೆ ನೋಡುತ್ತಾ ಬೂದು ಬಣ್ಣ ಹುಡುಕುತ್ತಿದ್ದೆ. ಪ್ರಪಂಚದಲ್ಲಿ ಅಷ್ಟೊಂದು ಬೂದು ಕಾರುಗಳಿವೆ ಎಂದು ನನಗೆ ಅವತ್ತೇ ತಿಳಿದದ್ದು. ಒಂದೊಂದು ಕಂಡಾಗಲೂ ಜೀವ ಬಾಯಿಗೆ ಬರುವುದು, ಹತ್ತಿರ ಹೋದರೆ ಒಳಗೆ ಯಾರೋ ಟೈ ಕಟ್ಟಿದವನು ಇರುವುದು. ಉದ್ದ ಸೇತುವೆಯ ಹತ್ತಿರ ಜನ ಗುಂಪುಗೂಡಿದ್ದರು. ಗಾಡಿಗಳು ಸಾಲಾಗಿ ನಿಂತಿದ್ದವು. ಯಾರೋ ತಲೆಯ ಮೇಲೆ ಕೈ ಹೊತ್ತುಕೊಂಡು ನಿಂತಿದ್ದ. ನಮ್ಮವರು ಗೇರ್ ಬದಲಾಯಿಸಲು ಹೋಗಿ ತಪ್ಪಿಸಿದರು. ಇಪ್ಪತ್ತೈದು ವರ್ಷದಲ್ಲಿ ಅವರು ಗೇರ್ ತಪ್ಪಿಸಿದ್ದನ್ನು ನಾನು ನೋಡಿರಲಿಲ್ಲ. ತಮ್ಮ ಸೀಟಿನಿಂದ ಅರ್ಧ ಎದ್ದು ನೋಡಿ, "ಟೆಂಪೋ. ಬರೀ ಟೆಂಪೋ" ಎಂದ. ಸಾಮಾನಿನ ಟೆಂಪೋ ಒಂದು ಪಕ್ಕಕ್ಕೆ ವಾಲಿ ರಟ್ಟಿನ ಪೆಟ್ಟಿಗೆಗಳು ರಸ್ತೆಗೆ ಚೆಲ್ಲಿದ್ದವು. ಬೇರೆಯವರ ನಷ್ಟ ನೋಡಿ ನಾನು ದೇವರಿಗೆ ಕೈ ಮುಗಿದೆ.

ಸೇತುವೆ ದಾಟಿ ಐದಾರು ಮೈಲಿಯ ಮೇಲೆ ಅವರು ಕಂಡರು. ಹಿಂದಿನ ಗಾಜಿನಲ್ಲಿ ಮೂರು ಈಜಿನ ಚೀಲ, ಮೂರು ತಲೆ. ಎಡಗಡೆಯ ತಲೆಗೆ ಎರಡು ಜಡೆ. ಆ ಜಡೆಯ ಹುಡುಗಿಯ ಕೆಳಗಿನ ಚಕ್ರ ನೆಟ್ಟಗೆ ಉರುಳುತ್ತಿರಲಿಲ್ಲ, ಕುಡಿದವನ ಹಾಗೆ ಒಳಗೂ ಹೊರಗೂ ತೂಗುತ್ತಿತ್ತು.

ನಮ್ಮವರು ಹಾರ್ನಿನ ಮೇಲೆ ಕೈ ಒತ್ತಿ ಹಿಡಿದರು. ಮುದುಕಿಯ ಹಾರ್ನು ಸತ್ತವರನ್ನೂ ಎಬ್ಬಿಸುವಂಥದ್ದು. ಟೀಚರ್ ಏನು ಮಾಡಿಯಾರು? ಮಕ್ಕಳೊಂದಿಗೆ ಒಬ್ಬಳೇ ಹೋಗುತ್ತಿರುವ ಹೆಂಗಸಿನ ಬೆನ್ನಿಗೆ ಒಂದು ತುಕ್ಕು ಹಿಡಿದ ವ್ಯಾನು ಬಿದ್ದು ಕಿರುಚಿಕೊಂಡರೆ ಯಾರೂ ನಿಲ್ಲಿಸುವುದಿಲ್ಲ. ಅವರು ವೇಗ ಹೆಚ್ಚಿಸಿದರು. ಚಕ್ರ ಇನ್ನೂ ಜೋರಾಗಿ ತೂಗಿತು.

"ಹಾರ್ನ್ ಬಿಡಿ ಭಾವ" ಎಂದ ತಮ್ಮ. "ಹೆದರ್ಕೊಂಡು ಇನ್ನೂ ಜೋರಾಗಿ ಓಡಿಸ್ತಿದಾರೆ. ಪಕ್ಕಕ್ಕೆ ತಗೊಳ್ಳಿ. ಅಕ್ಕನ ಮುಖ ಕಾಣ್ಲಿ."

"ಬ್ರೇಕ್ ಒತ್ತಿಬಿಟ್ರೆ?"

"ಒತ್ತಬಾರ್ದು. ಅಕ್ಕ, ಕೈ ಕೆಳಗೆ ಮಾಡಿ ಮೆಲ್ಲಗೆ ಮೆಲ್ಲಗೆ ಅಂತ ತೋರ್ಸು. ನಿಲ್ಸು ಅಂತ ಮಾತ್ರ ತೋರ್ಸಬೇಡ."

ಒಂಬತ್ತು ದಿನದ ಮೌನ ಮುರಿದದ್ದು ಹಾಗೆ. ಮೂವರಲ್ಲಿ ಯಾರೂ ಅದನ್ನು ಗಮನಿಸಲಿಲ್ಲ. ನಮ್ಮವರು ಪಕ್ಕಕ್ಕೆ ತೆಗೆದುಕೊಂಡು ಟೀಚರ್ ಕಾರಿನ ಸಮಕ್ಕೆ ತಂದರು. ನಾನು ಕಿಟಕಿಯಿಂದ ಸೊಂಟದವರೆಗೂ ಹೊರಗೆ ಬಾಗಿದೆ. ತಮ್ಮ ಹಿಂದಿನಿಂದ ನನ್ನ ಬಟ್ಟೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದ. ಟೀಚರ್ ಮೊದಲು ನೋಡಲಿಲ್ಲ, ದವಡೆ ಬಿಗಿ ಹಿಡಿದು ನೇರ ರಸ್ತೆ ನೋಡುತ್ತಿದ್ದರು. ಹಿಂದಿನ ಸೀಟಿನ ಹುಡುಗನೊಬ್ಬ ನನ್ನನ್ನು ತೋರಿಸಿ ಏನೋ ಹೇಳಿದ. ಆಗ ತಿರುಗಿದರು. ನನ್ನ ಗುರುತು ಹತ್ತಿತು. ಅಂಗೈ ಕೆಳಗೆ ಮಾಡಿ, ಮಗುವನ್ನು ತಟ್ಟಿ ಮಲಗಿಸುವ ಹಾಗೆ ಗಾಳಿಯನ್ನು ತಟ್ಟಿದೆ. ಮೆಲ್ಲಗೆ, ಮೆಲ್ಲಗೆ.

ಅವರು ಕಾಲು ತೆಗೆದರು. ಕಾರು ತಾನಾಗಿ ನಿಧಾನವಾಗುತ್ತಾ ಬಂದು, ರಸ್ತೆಯಂಚಿನ ಜಲ್ಲಿಯ ಮೇಲೆ ಕೊನೆಯ ನಾಲ್ಕು ಮಾರು ಕರಕರ ಎಂದು ಉರುಳಿ ನಿಂತಿತು.

ಮಕ್ಕಳನ್ನು ಇಳಿಸಿ ದೂರದ ಬೇಲಿಯ ಹತ್ತಿರ ನಿಲ್ಲಿಸಿದೆ. ಮೂರು ತಲೆ ಎಂದು ಗೊತ್ತಿದ್ದರೂ ಎರಡು ಸಲ ಎಣಿಸಿದೆ. ಎಡಗಡೆ ಹಿಂದಿನ ಚಕ್ರಕ್ಕೆ ನಾಲ್ಕು ನಟ್ಟು ಇರಬೇಕಿತ್ತು. ಒಂದು ಇರಲಿಲ್ಲ. ಎರಡನ್ನು ತಮ್ಮ ಬೆರಳಲ್ಲೇ ತಿರುಗಿಸಿ ತೆಗೆದ. ನಾಲ್ಕನೆಯದೊಂದೇ ಚಕ್ರವನ್ನು ಹಿಡಿದುಕೊಂಡಿತ್ತು. ತೆಗೆದ ಎರಡನ್ನು ಜೇಬಿಗೆ ಹಾಕಿಕೊಂಡು ಅವನು ಜಾಕು ಕೊಟ್ಟು ಗಾಡಿ ಎತ್ತಿದ. ನಮ್ಮವರು ಅವನ ಭುಜದ ಮೇಲೆ ಕೈಯಿಟ್ಟು, "ತಿರುಪಿನ ಥ್ರೆಡ್ಡು ಕೆಟ್ಟಿದ್ಯಾ ನೋಡು" ಎಂದರು. ಇಬ್ಬರೂ ಬಗ್ಗಿ ಚಕ್ರ ಬಿಚ್ಚಿ, ಅದು ಕೂರುವ ತಿರುಪುಗಳನ್ನು ಒಂದೊಂದಾಗಿ ಬಟ್ಟೆಯಲ್ಲಿ ಒರೆಸಿ, ಉಗುರು ಹಾಯಿಸಿ ನೋಡಿದರು. ಕೆಟ್ಟಿರಲಿಲ್ಲ. ಹೊಸ ನಟ್ಟು ಹಾಕಿದರು. ನಾಲ್ಕೂ ಚಕ್ರಕ್ಕೆ ರೆಂಚು ಹಿಡಿದರು. ತಮ್ಮ ಬಿಗಿ ಮಾಡಿದ್ದನ್ನು ನಮ್ಮವರು ನೋಡಿದರು, ಅವರು ನೋಡಿದ್ದನ್ನು ತಮ್ಮ ಮತ್ತೆ ನೋಡಿದ.

ಟೀಚರ್ ಅಷ್ಟು ಹೊತ್ತೂ ಬಾನೆಟ್ಟಿಗೆ ಒರಗಿ ನಿಂತಿದ್ದರು. ಅವರ ತುಟಿ ಬಿಳಿಚಿಕೊಂಡಿತ್ತು. "ಏನೋ ಗಡಗಡ ಅಂತಿತ್ತು. ರಸ್ತೆ ಸರಿ ಇಲ್ಲ ಅಂದ್ಕೊಂಡೆ. ಇವತ್ತು ತಾನೇ ಸರ್ವೀಸ್ ಆಗಿದೆಯಲ್ಲ, ಗಾಡಿಗೇನಾಗುತ್ತೆ ಅಂದ್ಕೊಂಡೆ."

ತಮ್ಮ ಎದ್ದು ನಿಂತ. "ತಪ್ಪು ನಂದು ಮೇಡಂ. ಬಿಗಿ ಮಾಡೋ ಕೆಲಸ ನಂದು. ಕೇಳಿ ತಿಳ್ಕೋಬೇಕಿತ್ತು, ಕೇಳ್ಲಿಲ್ಲ."

"ಅವನದಲ್ಲ" ಎಂದರು ನಮ್ಮವರು. "ಗಾಡಿ ಹೊರಗೆ ಬಿಡೋ ಮುಂಚೆ ನೋಡ್ಬೇಕಾದವನು ನಾನು. ಅವನ ಜೊತೆ ಮಾತು ಬಿಟ್ಟಿದ್ದೂ ನಾನೇ."

"ನಾನು ಬಿಟ್ಟಿದ್ದು ಭಾವ."

"ಸುಮ್ನಿರು, ದೊಡ್ಡವನು ನಾನು."

ಒಂಬತ್ತು ದಿನ ನಾನು ಬಯಸಿದ್ದು ಇದನ್ನೇ. ಇಬ್ಬರೂ ಎಣ್ಣೆಗೈಯಲ್ಲಿ ತಪ್ಪನ್ನು ಒಬ್ಬರ ಕೈಯಿಂದ ಒಬ್ಬರು ಕಿತ್ತುಕೊಳ್ಳುತ್ತಿದ್ದರು. ಟೀಚರ್ ನನ್ನ ಹತ್ತಿರ ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. "ಅಕ್ಕ, ಇವರಿಬ್ರೂ ಏನಾದ್ರೂ ಮಾಡ್ಕೊಳ್ಳಲಿ. ನೀವು ಗಮನಿಸದೇ ಇದ್ದಿದ್ರೆ ನಾವು ಇವತ್ತು..." ಎಂದು ಅತ್ತರು.

ಸುಮ್ಮನಿದ್ದರೆ ಎಲ್ಲ ಸರಿಹೋಗುತ್ತಿತ್ತು. ಬಟ್ಟೆಯ ವಿಷಯ ನನಗೆ ಬಿಟ್ಟು ಇನ್ಯಾರಿಗೂ ಗೊತ್ತಿರಲಿಲ್ಲ. ಇಬ್ಬರೂ ರಾಜಿಯಾಗಿದ್ದರು, ಮಕ್ಕಳು ಬದುಕಿದ್ದರು, ನಾನು ಪುಣ್ಯಾತ್ಗಿತ್ತಿಯಾಗಿದ್ದೆ. ಟೀಚರ್ ಕೈ ಬೆಚ್ಚಗಿತ್ತು. ಆ ಬಿಸಿ ತಡೆದುಕೊಳ್ಳಲು ನನ್ನಿಂದ ಆಗಲಿಲ್ಲ. ಒಳ್ಳೆಯವಳು ಅಂತಲ್ಲ. ಆ ಜಡೆಯ ಹುಡುಗಿ ಬೇಲಿಯ ಹತ್ತಿರ ನಿಂತುಕೊಂಡು ನನ್ನನ್ನೇ ನೋಡುತ್ತಿದ್ದಳು, ಅದಕ್ಕೆ.

"ಗಮನಿಸಿದ್ದು ಆಮೇಲೆ ಟೀಚರ್" ಎಂದೆ. "ಮೊದಲು ಮಾಡಿದ್ದೂ ನಾನೇ. ಕೆಲಸ ಬಾಕಿ ಇದೆ ಅಂತ ಗುರುತಿಗೆ ಇವರು ಕನ್ನಡಿಗೆ ಬಟ್ಟೆ ಸಿಕ್ಸಿದ್ರು. ನಿಮ್ಮ ಗಾಜು ಒರೆಸೋಕೆ ಅಂತ ನಾನು ಅದನ್ನ ಕಿತ್ಕೊಂಡೆ. ಕಿತ್ಕೊಂಡು, ಕೆಲಸ ಆಯ್ತು ಅಂತ ಟಿಕ್ ಹಾಕಿದೆ. ಇವರಿಬ್ಬರಿಗೂ ಈಗಲೇ ಗೊತ್ತಾಗ್ತಿರೋದು."

ನಮ್ಮವರು ರೆಂಚನ್ನು ನೆಲಕ್ಕಿಟ್ಟರು. ತಮ್ಮ ಬೇರೆ ಕಡೆ ನೋಡಿದ. ಟೀಚರ್ ನನ್ನ ಕೈ ಬಿಟ್ಟರು. ಜೋರಾಗಿ ಕೊಸರಲಿಲ್ಲ, ಸುಮ್ಮನೆ ಬಿಟ್ಟರು. ಅದು ಬೈಗುಳಕ್ಕಿಂತ ಹೆಚ್ಚಿಗೆ ತಾಗಿತು.

"ಮೊದಲು ಮಕ್ಕಳ ಮನೆಗೆ ಹೇಳ್ಬೇಕು ಅಕ್ಕ" ಎಂದರು. "ನಿಮ್ಮ ಹತ್ರ ಆಮೇಲೆ ಮಾತಾಡ್ತೀನಿ."

ಅವರು ಡಬ್ಬಿಯಿಂದ ಫೋನ್ ತೆಗೆದು ಮೂರೂ ಮನೆಗಳಿಗೆ ವಿಷಯ ತಿಳಿಸಿದರು. ಮೊದಲ ಎರಡು ಮನೆಯವರೊಡನೆ ಮಾತಾಡಿದ್ದು ನನಗೆ ಸರಿಯಾಗಿ ಕೇಳಲಿಲ್ಲ. ಅಷ್ಟರಲ್ಲಿ ನಾನು ನೆಲದಲ್ಲಿದ್ದ ರೆಂಚು ಎತ್ತಿಕೊಂಡು ಒಂದೊಂದು ಚಕ್ರದ ಮುಂದೆಯೂ ಕೂತು, ಹದಿನಾರು ನಟ್ಟಿಗೂ ಹಾಕಿ ಒತ್ತಿದೆ. ಹದಿನಾರು ಸಲ 'ಟಕ್' ಎಂದಿತು. ಅಷ್ಟು ವರ್ಷ ಕಾರ್ಡಿನಲ್ಲಿ ಟಿಕ್ ಹಾಕಿದವಳು ಆ ರೆಂಚನ್ನು ಕೈಯಲ್ಲಿ ಹಿಡಿದದ್ದು ಅದೇ ಮೊದಲು. ಅದು ಇಷ್ಟು ಭಾರ ಇದೆ ಎಂದು ನನಗೆ ಗೊತ್ತೇ ಇರಲಿಲ್ಲ.

ಮೂರನೆಯ ಮನೆ ಜಡೆಯ ಹುಡುಗಿಯದು. ಅವಳಮ್ಮ ಮಗಳ ಕೈಗೆ ಫೋನ್ ಕೊಡಿ ಅಂದರಂತೆ. ಹುಡುಗಿ ಫೋನನ್ನು ಕಿವಿಗಿಟ್ಟುಕೊಂಡು "ಹ್ಞೂಂ, ಹ್ಞೂಂ, ಏನೂ ಆಗಿಲ್ಲಮ್ಮ" ಎಂದಳು. ಆಮೇಲೆ ಫೋನನ್ನು ಎದೆಗೆ ಒತ್ತಿಕೊಂಡು ನಮ್ಮ ಕಡೆ ಬಂದಳು. ಮೂವರನ್ನೂ ನೋಡಿ, ಕೊನೆಗೆ ನನ್ನ ಮುಂದೆ ನಿಂತಳು.

"ಆಂಟಿ, ಅಮ್ಮ ಕೇಳ್ತಿದಾರೆ. ಈ ಕಾರಲ್ಲಿ ನಾವು ಮತ್ತೆ ಹತ್ತಬಹುದಾ?"

ಟೀಚರ್ ಕೂಡ ನನ್ನ ಬಾಯನ್ನೇ ನೋಡುತ್ತಿದ್ದರು. ನನ್ನ ಮಾತಿಗೆ ಅಲ್ಲಿ ಬೆಲೆ ಉಳಿದಿರಲಿಲ್ಲ, ಅದು ನನಗೂ ಗೊತ್ತಿತ್ತು. ಆದರೂ ಆ ತಾಯಿ ಕೇಳಿದ್ದು ನಮ್ಮನ್ನೇ.

"ಹತ್ತಬಹುದು ಅಂತ ಹೇಳು" ಎಂದೆ. "ನಾನೂ ನಿಮ್ಮ ಜೊತೆ ಬರ್ತೀನಿ ಅಂತ ಹೇಳು."

ಗಂಡಸರಿಗೆ ಮುದುಕಿಯಲ್ಲಿ ಹಿಂದೆ ಬನ್ನಿ ಎಂದೆ. ಹುಡುಗರಿಬ್ಬರಲ್ಲಿ ಒಬ್ಬನನ್ನು ಟೀಚರ್ ಪಕ್ಕದ ಸೀಟಿಗೆ ಕಳಿಸಿದೆ. ಜಡೆಯ ಹುಡುಗಿ ಆಗಲೇ ಒಳಗೆ ಹತ್ತಿ ತನ್ನ ಹಳೆಯ ಜಾಗದಲ್ಲೇ, ಎಡಗಡೆಯ ಕಿಟಕಿಯ ಪಕ್ಕ ಕೂತಿದ್ದಳು. ನಾನು ಬಾಗಿಲು ತೆರೆದು, ನೀನು ಮಧ್ಯಕ್ಕೆ ಸರಿ ಮರಿ, ಆ ಚಕ್ರದ ಮೇಲಿನ ಸೀಟು ನನಗೆ ಕೊಡು ಎಂದೆ.